ಒಂದು ಹರಳಿನಿಂದ ಬೆಳೆದ ಐಸ್

ಇವತ್ತು ಬೆಳಿಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ಮೀನಿನವನು ಬಂಗಡೆಯ ಮೇಲೆ ಒಂದು ಬುಟ್ಟಿ ಐಸ್ ಸುರಿದ. ಆ ಸದ್ದಿಗೆ ನಾನು ಚೌಕಾಸಿ ಮರೆತು ನಿಂತುಬಿಟ್ಟೆ. ಐಸ್ ಬಿರುಕು ಬಿಡುವುದನ್ನು ನೋಡುತ್ತಲೇ ನನ್ನ ಯೌವನದ ಒಳ್ಳೆಯ ಪಾಲು ಕಳೆದಿದೆ ಎಂದರೆ ನೀವು ನಗಬಹುದು.

ಹಲಸೂರಿನ ನಮ್ಮ ಬೀದಿಯಲ್ಲಿ ಅಮ್ಮ 'ನನ್ನ ಮಗ ಐಸ್ ಮಾಡೋ ಕಡೆ ಇದಾನೆ' ಎಂದು ಹೇಳಿಕೊಂಡು ಬಂದಿದ್ದಳು. ಪಕ್ಕದ ಮನೆಯವರು ಮಗಳ ಮದುವೆಗೆ ಐಸ್ ಕಳಿಸಪ್ಪಾ ಎಂದು ಕೇಳಿಯೂ ಬಿಟ್ಟರು. ಕೃಷ್ಣರಾಜಪುರದ ಆಚೆಗಿದ್ದ ನಮ್ಮ ಪ್ರಯೋಗಾಲಯ ವರ್ಷವಿಡೀ ಮಾಡಿದ ಐಸ್ ಒಂದು ಲೋಟದ ತಳವನ್ನೂ ಮುಚ್ಚುತ್ತಿರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಸಾಸಿವೆ ಕಾಳಿನಷ್ಟು ಪ್ಲಾಸ್ಟಿಕ್ ಗೋಳ, ಒಳಗೆ ಟೊಳ್ಳು. ಕೂದಲಿಗಿಂತ ಸಣ್ಣ ನಳಿಕೆಯಿಂದ ಅದರೊಳಗೆ ಡ್ಯುಟೀರಿಯಂ, ಅಂದರೆ ಭಾರವಾದ ಜಲಜನಕ, ತುಂಬಿ ಹೆಪ್ಪುಗಟ್ಟಿಸಬೇಕು. ಆ ಐಸ್ ಒಳಗೋಡೆಗೆ ಎಲ್ಲ ಕಡೆಯೂ ಒಂದೇ ದಪ್ಪಕ್ಕೆ ಹತ್ತಿಕೊಳ್ಳಬೇಕು. ಅಂಥ ಗೋಳವನ್ನು ಲೇಸರ್‌ಗಳಿಂದ ಸುತ್ತಲೂ ಹಿಂಡಿದರೆ ಸೂರ್ಯನೊಳಗಿನಂತೆ ಪರಮಾಣುಗಳು ಬೆಸೆದುಕೊಳ್ಳುತ್ತವೆ. ಒಂದು ಗೀರಿದ್ದರೂ ಗೋಳ ಓರೆಯಾಗಿ ಕುಸಿದು ಎಲ್ಲವೂ ವ್ಯರ್ಥ.

ಈ ಕೆಲಸದಲ್ಲಿ ನನ್ನ ಜೊತೆಗಿದ್ದವರು ಸುಮಂಗಲಾ. ಧಾರವಾಡದವರು, ಜೀವನ್ ಬಿಮಾ ನಗರದಲ್ಲಿ ಮನೆ, ನನಗಿಂತ ಸ್ವಲ್ಪ ಹಿರಿಯರು. ತಿಂಗಳುಗಟ್ಟಲೆ ನಮ್ಮ ಐಸ್ ಬಿರುಕು ಬಿಟ್ಟಿತು. ಕೆಲಸ ಮುಂದುವರಿಸುವುದೋ ಮುಚ್ಚುವುದೋ ಎಂದು ತೀರ್ಮಾನಿಸಲು ತಜ್ಞರು ಬರುವ ದಿನ ಬಂತು. ಅವತ್ತು ಬೆಳಿಗ್ಗೆಯೇ ಸೂಕ್ಷ್ಮದರ್ಶಕದ ಪರದೆಯ ಮೇಲೆ ಮೊದಲ ಬಾರಿಗೆ ಬಿರುಕಿಲ್ಲದ ಪದರ ಕಂಡಿತು. ಒಂದು ಕಡೆ ಮಾತ್ರ ಸಣ್ಣ ತಗ್ಗು.

"ಮೇಡಂ, ಮಧ್ಯಾಹ್ನ ಅವ್ರು ಬಂದ್ಬಿಡ್ತಾರೆ. ಇದನ್ನೇ ತೋರ್ಸೋಣ," ಎಂದೆ.

"ಇಲ್ನೋಡ್ರಿ, ಎರಡು ಹರಳು ಕೂಡಿದಲ್ಲೇ ತಗ್ಗು ಬಿದ್ದದ. ಎಲ್ಲಾ ಕರಗಿಸಿ ಒಂದ ಹರಳು ಉಳಿಸಿದ್ರ, ಅದರಿಂದ ಪೂರ್ತಿ ಪದರ ಬೆಳೀತದ."

"ಅದೂ ಕರಗ್ಹೋದ್ರೆ?"

"ಕರಗಿದ್ರ, ಕರಗ್ತು ಅಂತ ಅವರ ಮುಂದ ಹೇಳೂಣು. ನಾ ಬಿಸಿ ಏರಸ್ತೀನಿ, ನೀವು ಪರದೆ ಮ್ಯಾಲೆ ಕಣ್ಣಿಡ್ರಿ."

ತಿಂಗಳುಗಳ ಶ್ರಮದ ಐಸ್ ಕಣ್ಣೆದುರೇ ಕರಗತೊಡಗಿತು. ನಳಿಕೆಯ ಬಾಯಲ್ಲಿ ಒಂದು ಚುಕ್ಕೆ ಮಾತ್ರ ಉಳಿದಾಗ "ನಿಲ್ಸಿ!" ಎಂದು ಕಿರುಚಿದೆ. ಸುಮಂಗಲಾ ನಿಲ್ಲಿಸಿದರು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ಮತ್ತೆ ತಣ್ಣಗಾಗಿಸುತ್ತಾ ಹೋದರು.

ತಜ್ಞರು ಬಂದಾಗ ಗೋಳದ ಅರ್ಧ ಗೋಡೆಗೆ ಇನ್ನೂ ಐಸ್ ಹತ್ತಿರಲಿಲ್ಲ. ನಾನು ಪರದೆಗೆ ಅಡ್ಡ ನಿಂತೆ. ಸುಮಂಗಲಾ ಮಾತ್ರ ಮದುವೆ ಮನೆಯವರಂತೆ "ಕೂಡ್ರಿ, ಇನ್ನೂ ಬೆಳ್ಯಾಕ್ಹತ್ತದ," ಎಂದು ಕುರ್ಚಿ ಎಳೆದುಕೊಟ್ಟರು. ಒಮ್ಮೆ ಇಣುಕಿ ಹೋಗಲೆಂದು ಬಂದವರು ಸಂಜೆಯವರೆಗೂ ಕದಲಲಿಲ್ಲ. ಹರಳು ಗೋಡೆಗುಂಟ ಎರಡೂ ಕಡೆ ಹಬ್ಬಿ, ಕೊನೆಗೆ ತನ್ನನ್ನೇ ತಾನು ಕೂಡಿಕೊಂಡಿತು. ತಜ್ಞರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಪರದೆಗೆ ಮೂಗು ತಾಗಿಸಿ ಕೇಳಿದರು: "ಕೂಡಿದ ಜಾಗ ಯಾವುದಮ್ಮಾ?"

"ನನಗೂ ಕಾಣವಲ್ದ್ರಿ ಸರ," ಎಂದರು ಸುಮಂಗಲಾ.

ಕೆಲಸ ಮುಚ್ಚಲಿಲ್ಲ. ಈಗ ಸುಮಂಗಲಾ ಬೇರೆ ಊರಿನಲ್ಲಿ ಇನ್ನೂ ದೊಡ್ಡ ಪ್ರಯೋಗಾಲಯ ಕಟ್ಟುತ್ತಿದ್ದಾರೆ. ನಾನೋ ಮೇಲಧಿಕಾರಿಯಾಗಿ, ಸಹಿ ಹಾಕುತ್ತಾ ಕೂತಿದ್ದೇನೆ; ಸೂಕ್ಷ್ಮದರ್ಶಕ ಮುಟ್ಟಿ ವರ್ಷಗಳಾದವು. ಜೊತೆಗೆ ಕೆಲಸಕ್ಕೆ ಬನ್ನಿ ಎಂದು ಕಳೆದ ವಾರ ಅವರು ಕರೆದಿದ್ದರು. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ಇವತ್ತು ಮಾರುಕಟ್ಟೆಯಿಂದ ಹೊರಗೆ ಬಂದು ಅಲ್ಲೇ ಅವರಿಗೆ ಫೋನ್ ಮಾಡಿದೆ.

"ಮೇಡಂ, ಬರ್ತೀನಿ."

"ದೊಡ್ಡ ಕುರ್ಚಿ ಬಿಟ್ಟು ಬರ್ತೀರೇನ್ರಿ?"

"ಬಂದ್ಬಿಟ್ಟೆ ಅನ್ಕೊಳ್ಳಿ."