ಬೊಗಳೆ ಮೀನಿನ ಅನ್ವರ್ ಅಂಕಲ್

ಅನ್ವರ್ ಅಂಕಲ್ ಮನೆಯ ಬಾತ್‌ಟಬ್‌ನಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ. ಅದರಲ್ಲಿ ವರ್ಷವಿಡೀ ಮುಕ್ಕಾಲು ಪಾಲು ನೀರು ತುಂಬಿರುತ್ತಿತ್ತು. ಕೆಲಸದಿಂದ ಬಂದವರೇ ಅಂಕಲ್ ಪ್ಯಾಂಟು ಮಡಚಿಕೊಂಡು ಅದರ ಅಂಚಿನ ಮೇಲೆ ಕೂರುತ್ತಿದ್ದರು. ತಾವೇ ಕೆತ್ತಿ ಬಣ್ಣ ಬಳಿದ ಬೆರಳುದ್ದದ ಮರದ ಮೀನೊಂದನ್ನು ದಾರಕ್ಕೆ ಕಟ್ಟಿ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದರು. ಮೀನು ಸೊಂಟ ಅಲ್ಲಾಡಿಸುತ್ತಾ ನೇರವಾಗಿ ಬಂದರೆ ಸರಿ. ಒಂದು ಕಡೆಗೆ ವಾಲಿದರೆ ಮೂತಿಯ ತಂತಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ಎಳೆಯುತ್ತಿದ್ದರು.

"ಎರಡು ಬಾತ್‌ರೂಮಿನ ಅಪಾರ್ಟ್‌ಮೆಂಟ್ ಯಾಕೆ ತಗೊಂಡ್ವಿ ಹೇಳು? ನಮಗೊಂದು, ಇವರ ಮೀನಿಗೊಂದು," ಎನ್ನುತ್ತಿದ್ದರು ಶಾಹೀನ್ ಆಂಟಿ. ಯಾರಾದರೂ ಊಟಕ್ಕೆ ಬರುವ ದಿನ ಟಬ್ಬಿನ ಪರದೆ ಎಳೆದು ಮುಚ್ಚಿಬಿಡುತ್ತಿದ್ದರು.

ಅವರ ಪರಿಚಯವಾದದ್ದು ಅಮೆರಿಕದ ಡರ್ಹಮ್‌ನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಾನು ಅಲ್ಲಿನ ಯೂನಿವರ್ಸಿಟಿಯ ಲ್ಯಾಬೊಂದರಲ್ಲಿ ಇಲಿಗಳ ನರಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮ ಸೆಂಟ್ರಿಫ್ಯೂಜ್ ಯಂತ್ರ ಗಡಗಡ ಸದ್ದು ಮಾಡಿ ನಿಂತಿತು. "ಹಾಳಾದ್ದು, ಇವತ್ತೇ ಕೈಕೊಡಬೇಕಾ!" ಎಂದು ನನ್ನಷ್ಟಕ್ಕೆ ಬೈದುಕೊಂಡು ಫೋನ್ ಮಾಡಿದೆ. ರಿಪೇರಿಯವರು ಬಂದರು. ಅರ್ಧ ಗಂಟೆಯಾದ ಮೇಲೆ ಅದೇ ಮಾತನ್ನು ಮತ್ತೆ ಗೊಣಗಿದಾಗ, ಯಂತ್ರದ ಹಿಂದಿನಿಂದ ಒಂದು ದನಿ ಶುದ್ಧ ಮೈಸೂರು ಕನ್ನಡದಲ್ಲಿ ಹೇಳಿತು: "ಇನ್ನೂ ಪೂರ್ತಿ ಕೈಕೊಟ್ಟಿಲ್ಲಮ್ಮ. ಐದು ನಿಮಿಷ ತಾಳು."

ಅವರು ಮಂಡಿ ಮೊಹಲ್ಲಾದವರು, ನಾನು ಸರಸ್ವತೀಪುರಂ. ಅವತ್ತಿನಿಂದ ಅವರು ನನಗೆ ಅಂಕಲ್, ನಾನು ಅವರಿಗೆ ಸುಮಮ್ಮ. ಆ ಶನಿವಾರವೇ ನನ್ನನ್ನು ಜೋರ್ಡನ್ ಲೇಕಿಗೆ ಕರೆದುಕೊಂಡು ಹೋದರು. ಶಾಹೀನ್ ಆಂಟಿ ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಚಹಾ ಪಕ್ಕಕ್ಕಿಟ್ಟು, ಸ್ವೆಟರ್ ಹೆಣೆಯುತ್ತಾ ಕೂತರು. ನಾನು ಹುಟ್ಟಿನಿಂದ ಸಸ್ಯಾಹಾರಿ. ಗಾಳ ಹಿಡಿಯಲು ಹಿಂದೆಮುಂದೆ ನೋಡಿದೆ.

"ತಿನ್ನೋಕಲ್ಲಮ್ಮ, ಮಾತಾಡ್ಸೋಕೆ," ಎಂದರು ಅಂಕಲ್. "ಹಿಡಿಯೋದು, ಹೇಗಿದೀಯಪ್ಪ ಅನ್ನೋದು, ವಾಪಸ್ ಬಿಡೋದು."

ಅವರು ಹಿಡಿಯುತ್ತಿದ್ದದ್ದು ಬಾಸ್ ಎಂಬ ಮೀನನ್ನು. ಹಸಿರು ಬೆನ್ನು, ದೊಡ್ಡ ಬಾಯಿ, ಮುಳುಗಿದ ಮರದ ಬೊಡ್ಡೆಗಳ ನೆರಳಿನಲ್ಲಿ ಹೊಂಚು ಹಾಕುವ ಜಾತಿ. ಅದಕ್ಕೆ ಎರೆಹುಳು ಚುಚ್ಚುವ ಗೊಡವೆಯಿಲ್ಲ. ಮರದ್ದೋ ರಬ್ಬರಿನದೋ ತಗಡಿನದೋ ಸುಳ್ಳು ಮೀನು ಸಾಕು. ಅಲ್ಲಿನವರು ಅದನ್ನು ಲೂರ್ ಎನ್ನುತ್ತಿದ್ದರು. ಅಂಕಲ್ ಅದಕ್ಕೆ 'ಬೊಗಳೆ' ಎಂದು ಹೆಸರಿಟ್ಟಿದ್ದರು.

"ಮೀನಿಗೆ ಹಸಿವಾಗಿದೆ ಅಂತ ಮಾತ್ರ ಅಂದ್ಕೋಬೇಡ," ಎನ್ನುವುದು ಅವರ ಮೊದಲ ಪಾಠ. "ಹಸಿವಾಗಿದ್ರೆ ಅದು ನಿನ್ನ ಬೊಗಳೆ ನಂಬೋಲ್ಲ, ನಿಜವಾದ್ದನ್ನೇ ಹುಡುಕುತ್ತೆ. ಅದಕ್ಕೆ ಸಿಟ್ಟು ಬರಿಸ್ಬೇಕು. ಇದ್ಯಾವನು ನಮ್ಮನೆ ಮುಂದೆ ಕುಣೀತಾ ಇರೋದು ಅಂತ ಬಾಯಿ ಹಾಕ್ಬೇಕು."

ನೀರು ತಿಳಿಯಾಗಿದ್ದರೆ ಸಣ್ಣ ಬೊಗಳೆ, ತೆಳು ದಾರ, ಬಣ್ಣವೂ ಸಪ್ಪೆ. ಬೆಳಗಿನ ತಂಪಿಗೆ ನೀರಿನ ಮೇಲೆಯೇ ಗುಳುಕ್ ಗುಳುಕ್ ಎನ್ನುತ್ತಾ ಬರುವಂಥದ್ದು. ಜುಲೈ ಬಿಸಿಲಿಗೆ ಮೀನು ಆಳಕ್ಕಿಳಿದಾಗ ರಬ್ಬರ್ ಹುಳು, ಅದನ್ನು ತಳದಲ್ಲಿ ತೆವಳಿಸಬೇಕು. ಚಳಿಗಾಲದಲ್ಲಂತೂ ಒಂದು ಸಲ ಎಳೆದು ಮೂವತ್ತು ಎಣಿಸಬೇಕು. ನಾನು ಹತ್ತಕ್ಕೇ ಎಳೆದರೆ, "ಚಳೀಲಿ ನೀನು ಎದ್ದು ಬಾಗ್ಲು ತೆಗೆಯೋಕೆ ಎಷ್ಟು ಹೊತ್ತಾಗುತ್ತೆ? ಅದಕ್ಕೂ ಅಷ್ಟೇ," ಎನ್ನುತ್ತಿದ್ದರು.

ಒಂದು ವಸಂತದಲ್ಲಿ ಎರಡು ದಿನ ಮಳೆ ಬಿದ್ದು, ಕೆಮ್ಮಣ್ಣೆಲ್ಲ ಕೊಚ್ಚಿ ಬಂದು ಕೆರೆ ಚಹಾದ ಬಣ್ಣಕ್ಕೆ ತಿರುಗಿತ್ತು. ದಡದಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟಿದ್ದ ಎಲ್ಮರ್ ಎಂಬ ಮುದುಕ, "ಮನೆಗೆ ಹೋಗು ಅನ್ವರ್. ಇವತ್ತು ಮೀನಿಗೆ ತನ್ನ ಬಾಲವೇ ಕಾಣುವುದಿಲ್ಲ," ಎಂದ. ಅಂಕಲ್ ನಕ್ಕು, ಡಬ್ಬಿಯಿಂದ ಒಂದು ಕಪ್ಪು ಬೊಗಳೆ ತೆಗೆದರು. ಅದಕ್ಕೆ ಚಮಚದಂಥ ಅಗಲವಾದ ತಗಡಿನ ರೆಕ್ಕೆ. ಎಳೆದರೆ ಅದು ಗಿರ್ರನೆ ತಿರುಗಿ, ಗಾಳದ ಕೋಲಿನ ಹಿಡಿಯವರೆಗೂ ನಡುಕ ಬರುತ್ತಿತ್ತು.

"ಕಣ್ಣು ಕಾಣದೇ ಇದ್ರೇನಮ್ಮ? ಮೈಗೆ ಗೊತ್ತಾಗುತ್ತೆ," ಎಂದು ಅದನ್ನು ದಡಕ್ಕೆ ಒತ್ತಿಕೊಂಡೇ, ಬೊಡ್ಡೆಗಳಿಗೆ ತಾಗಿಸುತ್ತಾ ಎಳೆದರು. ಮಧ್ಯಾಹ್ನದೊಳಗೆ ಐದು ಮೀನು. ಐದನೆಯದನ್ನು ಎಲ್ಮರ್‌ಗೆ ತೋರಿಸಲೆಂದು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ, ತೋರಿಸಿ, ಅದೇ ಬಕೆಟ್ಟಿನಲ್ಲಿ ವಾಪಸು ತಂದು ಹಿಡಿದ ಜಾಗದಲ್ಲೇ ಬಿಟ್ಟರು. ಇನ್ನೆಲ್ಲೋ ಬಿಟ್ಟರೆ ಅದಕ್ಕೆ ಮನೆ ದಾರಿ ತಪ್ಪುತ್ತದಂತೆ.

ಅವರ ಗಾಳ ಎಸೆತ ನೋಡುವಂತಿತ್ತು. ಅವರು ಬಳಸುತ್ತಿದ್ದ ರೀಲಿನಲ್ಲಿ ಎಸೆಯುವಾಗ ದಾರದ ಉರುಳೆ ಭರ್ರನೆ ಸುತ್ತುತ್ತದೆ. ಅದರ ಮೇಲೆ ಹೆಬ್ಬೆರಳನ್ನು ಹಗುರವಾಗಿ ಇಟ್ಟಿರಬೇಕು, ಬೊಗಳೆ ನೀರು ಮುಟ್ಟುವ ಹೊತ್ತಿಗೆ ಸರಿಯಾಗಿ ಒತ್ತಬೇಕು. ಒಂದು ಕ್ಷಣ ತಪ್ಪಿದರೆ ದಾರವೆಲ್ಲ ಉಕ್ಕಿ ಗೋಜಲಾಗಿ ಹಕ್ಕಿಗೂಡಿನಂತಾಗುತ್ತದೆ. ನನ್ನದು ದಿನಾ ಹಕ್ಕಿಗೂಡು. ಅವರದು ಒಂದು ಸಲವೂ ಆದದ್ದನ್ನು ನಾನು ನೋಡಿರಲಿಲ್ಲ.

ಅವರದು ಮೊದಲ ಸಲ ಹಾಗಾದಾಗ ಇಬ್ಬರೂ ನಕ್ಕೆವು. ಅದು ಮೂರನೆಯ ವರ್ಷದ ಬೇಸಿಗೆ. ಒಂದು ವಾರ ಬಿಟ್ಟು ಮತ್ತೆ ಆಯಿತು. ಅದೇ ಬೆಳಿಗ್ಗೆ ಇನ್ನೊಂದು ಸಲ. "ರೀಲು ಹಳೇದಾಯ್ತು," ಎಂದರು ಅಂಕಲ್. ಅದನ್ನು ಬಿಚ್ಚಿ, ಒಂದೊಂದು ಬೇರಿಂಗನ್ನೂ ತೊಳೆದು ಎಣ್ಣೆ ಹಾಕಿದರು. ಆಮೇಲೆ ಹೊಸ ರೀಲು ತಂದರು. ಅದೂ ಹಾಗೇ ಮಾಡಿತು. ದಾರ ದಪ್ಪದ್ದಾಯಿತೆಂದು ದಾರ ಬದಲಿಸಿದರು. ಕೋಲು ಬಿರುಸಾಯಿತೆಂದು ಮೆತ್ತನೆಯ ಕೋಲು ತಂದರು. ಡರ್ಹಮ್‌ನ ಅರ್ಧಕ್ಕರ್ಧ ಆಸ್ಪತ್ರೆಗಳ ಯಂತ್ರಗಳ ಕಾಯಿಲೆ ಸದ್ದಿನಿಂದಲೇ ಕಂಡುಹಿಡಿಯುತ್ತಿದ್ದ ಮನುಷ್ಯ, ಮೂರು ತಿಂಗಳು ರೀಲು, ದಾರ, ಕೋಲುಗಳಲ್ಲೇ ತಪ್ಪು ಹುಡುಕುತ್ತಾ ಕಳೆದರು.

ನನಗೆ ಮೊದಲೇ ಕಂಡಿತ್ತು. ಒಂದು ಸಂಜೆ ಅವರು ಬೊಗಳೆಗೆ ದಾರ ಕಟ್ಟುತ್ತಿದ್ದರು. ಗಂಟು ಕೂರಲಿಲ್ಲ. ಮತ್ತೆ ಮತ್ತೆ ಜಾರುತ್ತಿತ್ತು. ಅವರ ಬಲಗೈಯನ್ನು ಆಗ ಗಮನಿಸಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ, ಅಲ್ಲೊಂದು ಸಣ್ಣ ಗುಳಿ ಬಿದ್ದಿತ್ತು. ಚರ್ಮದ ಕೆಳಗೆ ಏನೋ ಮಿಣುಕ್ ಮಿಣುಕ್ ಎಂದು ಅದುರುತ್ತಿತ್ತು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆಯ ಬಗ್ಗೆಯೇ ನಮ್ಮ ಲ್ಯಾಬಿನ ಕೆಲಸ. ನಾನು ಗಂಟು ಕಟ್ಟಿಕೊಟ್ಟೆ. ವಯಸ್ಸಾಯಿತಲ್ಲ, ಸ್ಕ್ರೂಡ್ರೈವರ್ ಹಿಡಿದೂ ಹಿಡಿದೂ ಹೀಗಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿಬಿಟ್ಟು, "ಅಂಕಲ್, ಒಂದ್ಸಲ ಡಾಕ್ಟರ್‌ಗೆ ತೋರಿಸಿ," ಎನ್ನಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು.

ಮೊದಲೇ ಬಂದಿದ್ದರೂ ಏನೂ ಬೇರೆಯಾಗುತ್ತಿರಲಿಲ್ಲ ಎಂದು ಡಾಕ್ಟರೇ ನನಗೆ ಹೇಳಿದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಟೆಸ್ಟಿನ ಫಲಿತಾಂಶ ಬಂದು, ಅದೇ ಕಾಯಿಲೆ ಎಂದು ಗೊತ್ತಾದ ದಿನ ಅಂಕಲ್ ನನ್ನ ಲ್ಯಾಬಿಗೇ ಬಂದರು. ರಿಪೇರಿಗೆ ಬಂದವರಂತೆ ಕೈಯಲ್ಲಿ ಟೂಲ್ ಬಾಕ್ಸ್ ಇತ್ತು. ಸ್ಟೂಲಿನ ಮೇಲೆ ಕೂತು ಸುತ್ತಲೂ ನೋಡಿದರು.

"ನೀವು ಇಲ್ಲಿ ಇದಕ್ಕೇ ಅಲ್ವಾ ಕೆಲಸ ಮಾಡ್ತಿರೋದು?"

"ಹೌದು ಅಂಕಲ್."

"ಏನಾದ್ರೂ ಇದ್ಯಾ?"

ನನ್ನ ಹಿಂದಿನ ಫ್ರೀಜರಿನಲ್ಲಿ ಮೂರು ವರ್ಷದ ಕೆಲಸವಿತ್ತು. ಶೀಶೆ ಶೀಶೆ, ಒಂದೊಂದಕ್ಕೂ ಚೀಟಿ. ಅದರಲ್ಲಿ ಅವರಿಗೆ ಕೊಡುವಂಥದ್ದು ಏನೂ ಇರಲಿಲ್ಲ. "ಇಲಿಗಳ ಮೇಲೆ ಮಾಡ್ತಿದೀವಿ ಅಂಕಲ್... ಇನ್ನೂ ಟೈಮ್ ಇದೆ," ಎಂದೆ.

"ಸರಿ ಬಿಡು. ಮೊದಲು ಇಲಿ ಹುಷಾರಾಗ್ಲಿ," ಎಂದು ನಕ್ಕರು. ಹೋಗುವ ಮುಂಚೆ ಸೆಂಟ್ರಿಫ್ಯೂಜಿನ ಮುಚ್ಚಳ ತೆರೆದು, ಕಿವಿಯಿಟ್ಟು, "ಇದು ಇನ್ನೂ ಐದು ವರ್ಷ ಓಡುತ್ತೆ," ಎಂದರು.

ಮುಂದಿನ ಅಕ್ಟೋಬರ್ ಹೊತ್ತಿಗೆ ಅವರ ಎರಡು ಕೈಗಳೂ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಮಾತು ತೊದಲುತ್ತಿತ್ತು. ಮಗಳು ನಿಲೋಫರ್ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿದ್ದಳು. ಅಪ್ಪ ಅಮ್ಮ ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದಳು. ಹೊರಡುವ ಮುನ್ನ ಒಂದು ಸಲ ಕೆರೆಗೆ ಹೋಗೋಣ ಎಂದರು ಅಂಕಲ್.

ನಾನೂ ಆಂಟಿಯೂ ಅವರನ್ನು ಎರಡೂ ಕಡೆ ಹಿಡಿದು, ಆಂಟಿಯ ಕುರ್ಚಿಯಲ್ಲೇ ಕೂರಿಸಿದೆವು. ನಾನು ಗಾಳ ಎಸೆದು ರಬ್ಬರ್ ಹುಳುವನ್ನು ತಳಕ್ಕೆ ಇಳಿಸಿ, ದಾರವನ್ನು ಅವರ ತೋರುಬೆರಳಿನ ಮೇಲೆ ಹಾಯಿಸಿದೆ. ಆ ಕಾಯಿಲೆಯ ಕ್ರೌರ್ಯ ಅದೇ. ಬೆರಳು ಅಲ್ಲಾಡುವುದಿಲ್ಲ, ಆದರೆ ಅದಕ್ಕೆ ಎಲ್ಲವೂ ತಿಳಿಯುತ್ತದೆ. ಮೀನು ಬಾಯಿ ಹಾಕಿದ್ದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. "ಎಳಿ" ಎಂಬ ಎರಡು ಅಕ್ಷರ ನಾಲಿಗೆಗೆ ಬರುವಷ್ಟರಲ್ಲಿ ಮೀನು ಉಗಿದು ಹೋಗಿರುತ್ತಿತ್ತು. ಹೀಗೆ ಎರಡು ಸಲವಾಯಿತು. ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ಆಂಟಿ ಸೆರಗಿನಿಂದ ಒರೆಸಿ, ಮುಖ ಆಚೆ ತಿರುಗಿಸಿಕೊಂಡರು.

ಮೂರನೆಯ ಸಲ ನಾನು ನೀರು ನೋಡುವುದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾ ನಿಂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಎಳೆದೆ. ಕೋಲು ಬಿಲ್ಲಿನಂತೆ ಬಾಗಿತು. ಒಂದೂವರೆ ಮೊಳದ ಮೀನು ನೀರಿನಿಂದ ಪೂರ್ತಿ ಮೇಲೆ ನೆಗೆದು ತಲೆ ಕೊಡವಿತು. ದಡಕ್ಕೆ ತಂದು, ಒದ್ದೆ ಮೈಯನ್ನು ಅವರ ಅಂಗೈಗೆ ತಾಗಿಸಿದೆ. "ಹೇ...ಗಿ...ದೀಯಪ್ಪ," ಎಂದರು ಅಂಕಲ್, ಒಂದೊಂದೇ ಅಕ್ಷರವಾಗಿ. ಮೀನು ನೀರಿಗೆ ಹೋಯಿತು. ಅವರ ಮುಖ ಓದಲು ನನಗೆ ಬಂತು ಎಂದು ಅವತ್ತು ನಾನು ಹೆಮ್ಮೆಪಟ್ಟುಕೊಂಡೆ.

ಎಲಿಕಾಟ್ ಸಿಟಿಗೆ ನಾನು ಹೋದದ್ದು ಮರು ಏಪ್ರಿಲ್‌ನ ಒಂದು ಭಾನುವಾರ, ಐದು ಗಂಟೆ ಡ್ರೈವ್ ಮಾಡಿಕೊಂಡು. ಅಂಕಲ್ ನಡುಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಮಾತು ಪೂರ್ತಿ ನಿಂತಿತ್ತು. ಮೂಗಿನ ಮೇಲೆ ಉಸಿರಾಟದ ಯಂತ್ರದ ಮುಖವಾಡ, ಸುತ್ತಲೂ ಕೊಳವೆಗಳು. ಏನಾದರೂ ಎಡವಿಬಿಟ್ಟೇನೆಂದು ಹೆದರಿ ನಾನು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತೆ. ಕೆರೆಯ ಸುದ್ದಿ, ಎಲ್ಮರ್ ಸುದ್ದಿ ಅಲ್ಲಿಂದಲೇ ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ರೆಪ್ಪೆಯನ್ನು ಪಟಪಟ ಬಡಿದರು.

"ಅಬ್ಬಾಗೆ ಏನೋ ಹೇಳ್ಬೇಕಂತೆ," ಎಂದು ನಿಲೋಫರ್ ಎಬಿಸಿಡಿ ಬರೆದ ರಟ್ಟು ತಂದಳು. ಅವಳು ಅಕ್ಷರಗಳ ಮೇಲೆ ಬೆರಳು ಓಡಿಸಬೇಕು. ಬೇಕಾದ ಅಕ್ಷರ ಬಂದಾಗ ಅವರು ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು. ಮೊದಲು ಬಿ. ಆಮೇಲೆ ಎ.

"ಬಿ, ಎ... ಬಾತ್‌ರೂಮ್? ಅಬ್ಬಾ, ಬಾತ್‌ರೂಮ್ ಬೇಕಾ?" ಕಣ್ಣು ಮುಚ್ಚಲಿಲ್ಲ. "ಬ್ಯಾಕ್? ಬೆನ್ನು ನೋಯ್ತಿದ್ಯಾ?" ಇಲ್ಲ. "ಬಾಸ್ ಇರ್ಬೇಕು," ಎಂದೆ ನಾನು. ಅದೂ ಅಲ್ಲ.

"ಅರೆ, ಮುಂದಿನ ಅಕ್ಷರ ಹೇಳಿ ಅಂದ್ರೆ," ಎಂದರು ಆಂಟಿ, ಅವರ ಹಣೆ ಸವರುತ್ತಾ. ನಿಲೋಫರ್ ಎ ಇಂದ ಜೆಡ್‌ವರೆಗೆ ಎರಡು ಸಲ ಬೆರಳು ಓಡಿಸಿದಳು. ಅವರು ಯಾವ ಅಕ್ಷರಕ್ಕೂ ಕಣ್ಣು ಮುಚ್ಚಲಿಲ್ಲ. ನನ್ನ ಕಡೆಯೇ ನೋಡುತ್ತಿದ್ದರು. ನಾನೂ ಅವರ ಮುಖವನ್ನೇ ನೋಡಿದೆ. ಏನೂ ತಿಳಿಯಲಿಲ್ಲ. ಸುಸ್ತಾಗಿ ಅವರಿಗೆ ನಿದ್ದೆ ಹತ್ತಿತು. ರಾತ್ರಿ ತೀರಾ ತಡವಾಗುವ ಮುಂಚೆ ಊರು ಸೇರಬೇಕೆಂದು ನಾನು ಎದ್ದೆ.

ರಿಚ್ಮಂಡ್ ದಾಟಿದ ಮೇಲೆ ಸ್ಟೀರಿಂಗ್ ಹಿಡಿದಿದ್ದ ಹಾಗೇ ಅದು ಹೊಳೆಯಿತು. ಮುಂದಿನ ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ಲಿಸಿ ಬೂತಿನಿಂದ ಫೋನ್ ಮಾಡಿದೆ.

"ನಿಲೋಫರ್, ಮೂರನೇ ಅಕ್ಷರ ಇಲ್ದೇ ಇರ್ಬಹುದು ಕಣೆ. ಅಂಕಲ್ ನನ್ ಹತ್ರ ಯಾವತ್ತೂ ಕನ್ನಡ ಬಿಟ್ಟು ಮಾತಾಡಿಲ್ಲ. 'ಬಾ' ಅಂದಿದ್ದಾರೋ ಏನೋ."

"ಓ ಮೈ ಗಾಡ್. ನಾವು ಇಂಗ್ಲಿಷ್ ವರ್ಡ್ ಅಂತಾನೇ ವೇಟ್ ಮಾಡ್ತಾ ಇದ್ವಿ. ಈಗ ಮಲಗಿದಾರೆ ಅಕ್ಕಾ. ಎದ್ಮೇಲೆ ಕೇಳ್ತೀನಿ."

ಮುಂದಿನ ಶನಿವಾರ ಮತ್ತೆ ಬರುತ್ತೇನೆಂದು ಹೇಳಿ ಫೋನ್ ಇಟ್ಟೆ. ಗುರುವಾರ ಬೆಳಿಗ್ಗೆ ಲ್ಯಾಬಿಗೆ ಅವಳ ಫೋನ್ ಬಂತು. ಅಂಕಲ್ ಹೋಗಿಬಿಟ್ಟಿದ್ದರು. ಅತ್ತು ಮುಗಿಸಿ ಅವಳೇ ಹೇಳಿದಳು: "ಅವತ್ತು ಕೇಳಿದೆ ಅಕ್ಕಾ, 'ಬಾ' ಅಂದ್ರಾ ಅಂತ. ಕಣ್ಣು ಮುಚ್ಚಿ ತೆಗೆದ್ರು. ಅದು ಯೆಸ್ ಅಂತಾನಾ, ಸುಮ್ನೆ ರೆಪ್ಪೆ ಬಡಿದಿದ್ದಾ, ಐ ಡೋಂಟ್ ನೋ."

ನನಗೂ ಗೊತ್ತಿಲ್ಲ. ಆ ಭಾನುವಾರ ಇಡೀ ಮಧ್ಯಾಹ್ನ ನಾನು ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಅವರ ಹಾಸಿಗೆ ಅಲ್ಲಿಂದ ನಾಲ್ಕು ಹೆಜ್ಜೆ ಇತ್ತು.