ಆ ಕಡೆಯ ಮಾತ್ರೆ

ಬೋಗುಣಿಯಲ್ಲಿ ಸಿಪ್ಪೆಯಿತ್ತು, ಹಿತಕಿದ ಅವರೆಬೇಳೆ ದನದ ಬಕೆಟ್ಟಿನಲ್ಲಿತ್ತು. ಅವ್ವ ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿ, ಹೊರಬಂದ ಬೇಳೆಯನ್ನು ಬಕೆಟ್ಟಿಗೆ ಎಸೆದು, ಕೈಯಲ್ಲುಳಿದ ಸಿಪ್ಪೆಯನ್ನು ಜೋಪಾನವಾಗಿ ಬೋಗುಣಿಗೆ ಹಾಕುತ್ತಿದ್ದಳು. ಕೈಯ ವೇಗ ಎಂದಿನಷ್ಟೇ ಇತ್ತು. ಒಂದು ಸೇರಿನಷ್ಟು ಕಾಳು ಆಗಲೇ ಹಾಗೆ ಮುಗಿದಿತ್ತು.

“ಅವ್ವ, ಅದ್ಲುಬದ್ಲು ಮಾಡ್ತಿದ್ದೀಯ ನೋಡು,” ಎಂದೆ.

“ನೀ ಉಟ್ಟಕ್ ಮುಂಚಿಂದ್ಲೂ ಅವರೆ ಇತಕ್ತಿವ್ನಿ. ನಂಗೇ ಏಳ್ಕೊಡಕ್ ಬಂದ್ಯಾ?” ಎಂದಳು. ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೇರೆ ಮನೆಯ ಹುಡುಗಿಯನ್ನು ವಿಚಾರಿಸುವ ಹಾಗೆ ಕೇಳಿದಳು: “ನಿಮ್ಮವ್ವ ಎಲ್ಲವ್ಳೆ ಮಗ?”

ಅವ್ವನಿಗೆ ಐವತ್ತೆಂಟು. ಹಿಂದಿನ ವಾರವೆಲ್ಲ ತಲೆನೋವು, ಸುಸ್ತು ಎನ್ನುತ್ತಿದ್ದಳು. ಚಳಿಯಲ್ಲಿ ಎದ್ದು ಹಾಲು ಕರೆಯುತ್ತಾಳಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ನಾನು ತಾಳವಾಡಿಯ ಒಂದು ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಅವತ್ತು ಶಾಲೆಗೆ ರಜೆ ಹೇಳಿ ಆಂಬುಲೆನ್ಸ್ ಕರೆಸಿದೆ. ಅಪ್ಪ ಬರುವಂತಿರಲಿಲ್ಲ. ಬಾಳೆ ಗೊನೆ ಬಿಟ್ಟಿತ್ತು, ಆನೆಗಳು ಪಕ್ಕದ ಹೊಲದವರೆಗೂ ಬಂದು ಹೋಗಿದ್ದವು, ಹಸು ಕರು ಹಾಕಿ ಮೂರು ದಿನವಾಗಿತ್ತು. ಚಾಮರಾಜನಗರ ಹತ್ತಿರ, ಆದರೆ ಅದು ಕರ್ನಾಟಕ; ನಮ್ಮ ತಮಿಳುನಾಡಿನ ವಿಮೆಯ ಕಾರ್ಡು ನಡೆಯುವುದು ಘಾಟಿಯ ಕೆಳಗಿನ ಆಸ್ಪತ್ರೆಗಳಲ್ಲಿ. ದಿಂಬಂ ದಾಟಿ ಇಳಿಯುವಾಗ ಅವ್ವ ಎರಡು ಸಲ ವಾಂತಿ ಮಾಡಿದಳು. ಅದನ್ನು ಒರೆಸುತ್ತ ನಾನು ತಿರುವುಗಳನ್ನು ಎಣಿಸುತ್ತಿದ್ದೆ. ಹದಿನಾಲ್ಕಕ್ಕೆ ಲೆಕ್ಕ ತಪ್ಪಿತು.

ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಪಾರ್ಶ್ವವಾಯು ಇರಬಹುದು ಎಂದರು. ತಲೆಯ ಸ್ಕ್ಯಾನ್ ಮಾಡಿ, ಅದಲ್ಲ ಎಂದರು. ಆಮೇಲೆ ರಕ್ತದ ವರದಿ ಬಂತು. ಸೋಡಿಯಂ ತೀರಾ ಇಳಿದಿತ್ತು. ಗೊಂದಲ ಅದರಿಂದಲೇ ಇರಬೇಕು ಎಂದು ಡ್ಯೂಟಿಯಲ್ಲಿದ್ದ ಡಾಕ್ಟರು ಹೇಳಿದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ನನ್ನಷ್ಟೇ ನಿದ್ದೆಗೆಟ್ಟವರ ಹಾಗೆ ಕಾಣುತ್ತಿದ್ದರು. ಅವರೊಡನೆ ಮಾತೆಲ್ಲ ತಮಿಳಿನಲ್ಲಿ.

“ಮನೆಯಲ್ಲಿ ಏನೇನು ಮಾತ್ರೆ ತಗೊಳ್ತಾರೆ?”

ತಾಳವಾಡಿ ಸರ್ಕಾರಿ ಆಸ್ಪತ್ರೆಯ ಪುಸ್ತಕ ಕೊಟ್ಟೆ. ಅದರಲ್ಲಿ ಬಿ.ಪಿ.ಗೆ ಎರಡು ಮಾತ್ರೆ ಬರೆದಿತ್ತು. ಡಾಕ್ಟರು ಎರಡನೆಯದರ ಮೇಲೆ ಬೆರಳಿಟ್ಟರು. “ಇದು ನೀರಿಳಿಸುವ ಮಾತ್ರೆ. ಮೂತ್ರದ ಜೊತೆ ಸೋಡಿಯಂ ಕೂಡ ಹೋಗುತ್ತೆ. ನಿಲ್ಲಿಸಿಬಿಡಿ. ಮಿಕ್ಕಿದ್ದು ಎಂದಿನ ಹಾಗೆ ಕೊಡಿ. ಮೂರು ನಾಲ್ಕು ದಿನದಲ್ಲಿ ಸರಿಹೋಗಬೇಕು. ಬೇರೆ ಏನಾದರೂ ಇದೆಯಾ?”

“ಇಲ್ಲ ಸಾರ್,” ಎಂದೆ.

ಇತ್ತು. ನಮ್ಮ ಊರುಗಳಲ್ಲಿ ಎಲ್ಲದಕ್ಕೂ ಎರಡು ಕಡೆ. ರೇಷನ್ ಕಾರ್ಡು, ಜಮೀನಿನ ಪಟ್ಟಾ, ಓಟು ಈ ಕಡೆ, ತಮಿಳುನಾಡಿನಲ್ಲಿ. ನೆಂಟರು, ಮದುವೆಯ ಸೀರೆ, ಟಿ.ವಿ.ಯ ಸುದ್ದಿ ಆ ಕಡೆ. ವೈದ್ಯರೂ ಹಾಗೆಯೇ. ತಿಂಗಳ ಮಾತ್ರೆಗೆ ತಾಳವಾಡಿ, ಅದರಿಂದ ಗುಣ ಕಾಣದಿದ್ದರೆ ಚಾಮರಾಜನಗರ. ಈ ಕಡೆಯವರಿಗೆ ಆ ಕಡೆಯದನ್ನು, ಆ ಕಡೆಯವರಿಗೆ ಈ ಕಡೆಯದನ್ನು ಹೇಳುವುದಿಲ್ಲ. ಹೇಳಿದರೆ ಇಬ್ಬರೂ ಬೈಯುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಮೂರು ತಿಂಗಳ ಹಿಂದೆ ಅವ್ವನ ಕಾಲು ಊದಿಕೊಂಡಾಗ ಗೆಟ್ಟವಾಡಿಯ ಸೋದರಮಾವ ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕೊಟ್ಟ ಗುಲಾಬಿ ಬಣ್ಣದ ಮಾತ್ರೆಗೆ ಮನೆಯಲ್ಲಿ ಕಾಲೂತದ ಮಾತ್ರೆ ಎಂದು ಹೆಸರು. ಡಾಕ್ಟರು ಕೇಳುತ್ತಿರುವುದು ತಲೆಯ ವಿಷಯ, ಇದು ಕಾಲಿನದು ಎಂದು ಯೋಚಿಸಿ ಇಲ್ಲವೆಂದೆ ಎಂದರೆ ಅದೂ ಸುಳ್ಳಾಗುತ್ತದೆ. ಯೋಚಿಸಲಿಲ್ಲ. ಬಾಯಿಗೆ ತಾನಾಗಿ ಬಂತು.

ಮಾತ್ರೆ ಜೋಡಿಸುವ ಕೆಲಸ ಮೊದಲಿನಿಂದಲೂ ನನ್ನದು. ಏಳು ಖಾನೆಯ ಡಬ್ಬಿಯೊಂದನ್ನು ತಂದು, ಪ್ರತಿ ಭಾನುವಾರ ಶೀಟುಗಳನ್ನು ಕತ್ತರಿಯಲ್ಲಿ ಒಂದೊಂದು ಮಾತ್ರೆಯಾಗಿ ಕತ್ತರಿಸಿ ಹಾಕುತ್ತಿದ್ದೆ. ಅಂಚು ನೇರವಾಗಿ ಬರುವಂತೆ ಕತ್ತರಿಸುತ್ತಿದ್ದೆ. ಹಾಗೆ ಕತ್ತರಿಸಿದ ಚೂರಿನ ಮೇಲೆ ಹೆಸರು ಪೂರ್ತಿ ಉಳಿಯುವುದಿಲ್ಲ, ಬಣ್ಣವೇ ಗುರುತು. ಅದೇ ಡಬ್ಬಿಯನ್ನು ಆಸ್ಪತ್ರೆಗೂ ತಂದಿದ್ದೆ. ಡಾಕ್ಟರು ನಿಲ್ಲಿಸಲು ಹೇಳಿದ ಬಿಳಿ ಮಾತ್ರೆಯನ್ನು ಎಲ್ಲ ಖಾನೆಗಳಿಂದ ತೆಗೆದೆ. ಗುಲಾಬಿಯದನ್ನು ದಿನವೂ ಬೆಳಿಗ್ಗೆ, ಅವ್ವನ ಕೈಯಿಂದ ಲಿಂಗಪೂಜೆ ಮಾಡಿಸಿ ಎರಡು ಇಡ್ಲಿ ತಿನ್ನಿಸಿದ ಮೇಲೆ, ಒಂದು ದಿನವೂ ತಪ್ಪದೆ ಕೊಟ್ಟೆ.

ಎರಡನೆಯ ದಿನ ಸೋಡಿಯಂ ಸ್ವಲ್ಪ ಏರಿತು. ಮೂರನೆಯ ದಿನ ಇಳಿಯಿತು. ನಾಲ್ಕನೆಯ ದಿನ ಅಲ್ಲೇ ನಿಂತಿತ್ತು. ಡ್ರಿಪ್ ಬದಲಾಯಿತು, ನೀರು ಕಡಿಮೆ ಕುಡಿಸಿ ಎಂದರು. ಅವ್ವ ಹಗಲೆಲ್ಲ ತೂಕಡಿಸುವಳು, ಎದ್ದರೆ ಹೊದಿಕೆಯ ಅಂಚನ್ನು ಹಿತಕುವಳು. ದೊಡ್ಡ ಡಾಕ್ಟರು ಸುತ್ತು ಬಂದಾಗ, “ನಿಲ್ಲಿಸಿದ ಮೇಲೂ ಏರುತ್ತಿಲ್ಲ ಅಂದರೆ ಕಾರಣ ಬೇರೆ ಇದೆ. ಎಲ್ಲಾದರೂ ಗಡ್ಡೆ ಇದ್ದರೂ ಹೀಗಾಗುತ್ತೆ” ಎಂದರು. ಎದೆಯ ಚಿತ್ರ ತೆಗೆದರು. ಐದನೆಯ ದಿನಕ್ಕೆ ತಲೆಯ ಎಂ.ಆರ್.ಐ. ಬರೆದರು.

ಅದಕ್ಕೆ ಮೈಮೇಲೆ ಲೋಹ ಇರಬಾರದು. ಓಲೆ, ಕಾಲುಂಗುರ ಬಿಚ್ಚಿದೆ. ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹಾಕಿದಾಗ ಅವ್ವ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಮಗಳು ಯಾರೆಂದು ಗೊತ್ತಿಲ್ಲದಿದ್ದರೂ ಲಿಂಗ ಮೈಬಿಟ್ಟು ಹೋಗಬಾರದೆಂದು ಗೊತ್ತಿತ್ತು. ನಾನು ಬೇಡುತ್ತ ನಿಂತಿದ್ದೆ. ಕಡೆಗೆ ನರ್ಸ್ ಬಂದು, “ಪೆಟ್ಟಿಗೆ ತಾನೇ ಬೆಳ್ಳಿ? ಸಾಮಿ ಬೆಳ್ಳಿ ಅಲ್ಲವಲ್ಲ. ಸಾಮಿಯನ್ನ ಬಟ್ಟೆಯಲ್ಲಿ ಕಟ್ಟಿ ಅವರ ಕೈಗೇ ಕೊಡಿ” ಎಂದಳು. ಅಷ್ಟು ಸಣ್ಣ ಉಪಾಯ ನನಗೆ ಹೊಳೆದಿರಲಿಲ್ಲ. ಆ ಹೊತ್ತಿಗೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಖಾಲಿ ಕರಡಿಗೆ ಹಿಡಿದು ಮುಕ್ಕಾಲು ಗಂಟೆ ಬಾಗಿಲ ಹೊರಗೆ ಕೂತಿದ್ದೆ.

ಅದರಲ್ಲೂ ಏನೂ ಕಾಣಲಿಲ್ಲ. ಮಾರನೆಯ ದಿನ ಡ್ಯೂಟಿ ಡಾಕ್ಟರು ಒಂದು ಹಾಳೆ ಹಿಡಿದು ಹಾಸಿಗೆಯ ಪಕ್ಕ ಕೂತರು. ಮರೆವಿನ ಕಾಯಿಲೆಯೇ ಎಂದು ನೋಡಲು ಕೆಲವು ಪ್ರಶ್ನೆ ಕೇಳಬೇಕಂತೆ.

“ಈಗ ಯಾವ ವರ್ಷ ಅಮ್ಮ?” ಅವ್ವ ಹೊದಿಕೆಯ ಅಂಚು ಹಿತಕುತ್ತಿದ್ದಳು.

“ಯಾವ ಜಿಲ್ಲೆ?” “ಚಾಮ್ರಾಜ್‌ನಗ್ರ.”

“ಮುಖ್ಯಮಂತ್ರಿ ಯಾರು?” ಅವ್ವ ಕರ್ನಾಟಕದ ಮುಖ್ಯಮಂತ್ರಿಯ ಹೆಸರು ಹೇಳಿದಳು. ಡಾಕ್ಟರು ಮೂರಕ್ಕೂ ತಪ್ಪು ಹಾಕಿದರು.

ಕೊನೆಯದು ತಪ್ಪಲ್ಲ, ನಮ್ಮ ಮನೆಯಲ್ಲಿ ನೋಡುವುದು ಕನ್ನಡದ ಸುದ್ದಿ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಕಡೆಯಿಂದ ಮಾತು ಬಂತು. ಅಲ್ಲಿ ಸೊಂಟ ಮುರಿದ ಒಬ್ಬ ಮುದುಕಿ, ನೋಡಿಕೊಳ್ಳಲು ಅವರ ಸೊಸೆ. ದಿಂಬಂನಲ್ಲಿ ಅವರದು ಟೀ ಅಂಗಡಿ.

“ಎರಡು ಮುಖ್ಯಮಂತ್ರಿ ಇರೋ ಊರ್ನೋರ್ನ ಒಂದೇ ಕೇಳುದ್ರೆ ಅವ್ರಾದ್ರೂ ಏನಂದಾರು ಕೂಸು?” ಎಂದಳು ಸೊಸೆ, ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ. “ನಮ್ಮತ್ತೆಗೆ ಬುದ್ಧಿ ನೆಟ್ಟಗಿದ್ದಾಗ್ಲೂ ವರ್ಸ ಗೊತ್ತಿರ್ನಿಲ್ಲ.”

“ನಿನ್ ಟೀ ಕುಡ್ಕಂಡು ಯಾರ್ ಬುದ್ಧಿ ನೆಟ್ಟಗಿದ್ದದು?” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಡಾಕ್ಟರು ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದರು. ಈ ವಯಸ್ಸಿಗೆ ಅಪರೂಪ, ಆದರೂ ಮರೆವಿನ ಕಾಯಿಲೆ ಶುರುವಾಗಿರಬಹುದು, ಹಾಗಿದ್ದರೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಮನೆಯವರು ತಯಾರಾಗಿರಬೇಕು ಎಂದರು. ನಾಳೆ ಹೊಟ್ಟೆಯ ಸ್ಕ್ಯಾನ್ ಒಂದು ಮಾಡಿಬಿಡೋಣ, ಗಡ್ಡೆಯ ಅನುಮಾನ ಉಳಿಯಬಾರದು ಎಂದೂ ಹೇಳಿದರು. ತಲೆಯಾಡಿಸಿದೆ. ಅಪ್ಪನಿಗೆ ಫೋನಿನಲ್ಲಿ, ಇನ್ನೂ ನೋಡ್ತಾವ್ರೆ ಎಂದಷ್ಟೇ ಹೇಳಿದೆ. ಅವ್ವ ಇನ್ನು ನನ್ನನ್ನು ಗುರುತಿಸುವುದೇ ಇಲ್ಲವೇನೋ ಎಂಬ ಮಾತನ್ನು ಫೋನಿನಲ್ಲಿ ಹೇಳುವುದು ಹೇಗೆಂದು ತಿಳಿಯಲಿಲ್ಲ.

ಅವತ್ತು ಮಧ್ಯಾಹ್ನ ಗೆಟ್ಟವಾಡಿಯಿಂದ ಮಾವ ಬಂದರು.

“ಎಂಗವ್ಳೆ ಕೂಸು ನಮ್ಮಕ್ಕ?” ಎನ್ನುತ್ತ ಹಾಸಿಗೆಯ ಹತ್ತಿರ ಹೋದರು. ಅವ್ವ ಕಣ್ಣು ಬಿಟ್ಟು ತಮ್ಮನನ್ನು ನೋಡಿ, “ಅಪ್ಪೋ, ಒಲ ಉತ್ತಾಯ್ತಾ?” ಎಂದಳು. ತೀರಿಹೋದ ತಾತನೆಂದುಕೊಂಡಿದ್ದಳು. ಮಾವ, “ಆಯ್ತು ಕಣವ್ವ, ಉತ್ತಾಯ್ತು” ಎಂದು ಗೋಡೆಯ ಕಡೆ ತಿರುಗಿ ನಿಂತರು.

ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ಸಪೋಟ ತೆಗೆದಿಟ್ಟು, ಅದರ ಕೆಳಗಿನಿಂದ ಒಂದು ಮಾತ್ರೆಯ ಶೀಟನ್ನು ನನ್ನ ಕೈಗೆ ಕೊಟ್ಟರು. “ಕಾಲೂತದ್ದು ಮುಗ್ದಿರ್ತದೆ ಅಂತ ಚಾಮ್ರಾಜ್‌ನಗ್ರಕ್ ಓಗಿ ತಕ್ಕಬಂದಿ. ಇಲ್ಲಿ ಯಾರ್ಗೂ ತೋರುಸ್ಬ್ಯಾಡ. ಸುಮ್ನೆ ಬೋದಾರು.”

ಹತ್ತು ಮಾತ್ರೆಯ ಶೀಟು, ಕತ್ತರಿ ತಾಗದ್ದು. ಮೊದಲ ಸಲ ಹಿಂದೆ ತಿರುಗಿಸಿ ಓದಿದೆ. ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರಿಟ್ಟ ಮಾತ್ರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅದರಲ್ಲಿರುವ ಎರಡು ಮದ್ದುಗಳ ಹೆಸರು. ಎರಡನೆಯದು ತಾಳವಾಡಿಯ ಬಿಳಿ ಮಾತ್ರೆಯಲ್ಲಿದ್ದ, ಡಾಕ್ಟರು ನಿಲ್ಲಿಸಲು ಹೇಳಿದ್ದ, ನೀರಿಳಿಸುವ ಅದೇ ಮದ್ದು. ಪ್ರಮಾಣ ಅದರ ಎರಡರಷ್ಟು. ಅದರ ರಚನೆಯನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಮೂರು ತಿಂಗಳು ಎರಡನ್ನೂ ಸೇರಿಸಿ ಕೊಟ್ಟಿದ್ದೆ. ಒಂದನ್ನು ನಿಲ್ಲಿಸಿ, ದೊಡ್ಡದನ್ನು ಅವತ್ತು ಬೆಳಿಗ್ಗೆಯೂ ಕೊಟ್ಟಿದ್ದೆ.

“ತೋರಿಸ್ಬೇಕು ಮಾವ,” ಎಂದೆ. “ಅವ್ವಂಗೆ ಇದ್ರಿಂದ್ಲೇ ಇಂಗಾಗಿರಾದು.”

ಮಾವನ ಮುಖ ಇಳಿಯಿತು. “ನಾನೇ ಅಲ್ವಾ ಕರ್ಕಂಡ್ ಓಗಿದ್ದು?”

“ಕೊಟ್ಟಿದ್ದು ನಾನು.”

ಟೀ ಅಂಗಡಿಯ ಸೊಸೆ ನಮ್ಮಿಬ್ಬರನ್ನೂ ನೋಡಿ ಫ್ಲಾಸ್ಕಿನಿಂದ ಒಂದು ಲೋಟ ಟೀ ಸುರಿದು ಮಾವನ ಮುಂದಿಟ್ಟಳು.

ಡ್ಯೂಟಿ ಡಾಕ್ಟರು ಸಿಕ್ಕಿದ್ದು ಒಂದು ಗಂಟೆಯ ಮೇಲೆ, ಮೆಟ್ಟಿಲ ಹತ್ತಿರ. ಅಷ್ಟು ಹೊತ್ತೂ ತಮಿಳಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ, ಎದುರು ನಿಂತಾಗ ಅದೊಂದೂ ಬರಲಿಲ್ಲ. ಶೀಟನ್ನು ಕೊಟ್ಟು, “ಇದನ್ನೂ ಕೊಡ್ತಿದ್ದೆ” ಎಂದೆ.

ಅವರು ಓದಿದರು. “ಇವತ್ತೂ?”

“ಇವತ್ತೂ.”

“ನಾನು ಮೊದಲ ದಿನವೇ ಕೇಳಿದ್ದೆ.”

“ಕೇಳಿದ್ರಿ.”

ಯಾಕೆ ಹೇಳಲಿಲ್ಲ ಎಂದು ಅವರು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಗೋಡೆಗೆ ಫೈಲನ್ನು ಒತ್ತಿ ಹಿಡಿದು, ಮರುದಿನಕ್ಕೆಂದು ಬರೆದಿದ್ದ ಹೊಟ್ಟೆಯ ಸ್ಕ್ಯಾನನ್ನು ಹೊಡೆದುಹಾಕಿದರು. “ಇದು ಮೈಯಿಂದ ಇಳಿಯಲಿ. ಬುದ್ಧಿ ವಾಪಸು ಬರುತ್ತಾ ಅಂತ ಆಮೇಲೆ ನೋಡೋಣ. ಬರುತ್ತೆ ಅಂತ ಈಗಲೇ ಮಾತು ಕೊಡಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ದಿನಕ್ಕೆರಡು ಸಲ ರಕ್ತ ತೆಗೆಯುತ್ತಿದ್ದರು, ವರದಿ ಬರುವವರೆಗೆ ನಾನು ಲ್ಯಾಬಿನ ಕಿಟಕಿಯ ಮುಂದೆ ನಿಂತಿರುತ್ತಿದ್ದೆ. ಸಂಖ್ಯೆ ಸ್ವಲ್ಪಸ್ವಲ್ಪವೇ ಏರಿತು. ಅವ್ವ ಹಾಗೆಯೇ ಇದ್ದಳು. ಗುಲಾಬಿ ಮಾತ್ರೆ ನಿಲ್ಲಿಸಿದ ನಾಲ್ಕನೆಯ ದಿನ ಬೆಳಿಗ್ಗೆ ಮುಖ ಒರೆಸುತ್ತಿದ್ದಾಗ ತನ್ನ ಸೆರಗನ್ನು ಹಿಡಿದು ನೋಡಿ, “ಇದ್ಯಾಕ್ ಉಡ್ಸಿದ್ದೀಯೆ? ಇದು ಒಲಕ್ ಓಗೋ ಸೀರೆ ಅಲ್ವಾ? ನಾಕ್ ಜನ ಓಡಾಡೋ ಜಾಗ್ದಲ್ಲಿ ನನ್ ಮಾನ ಕಳದ್ಯಲ್ಲ ಮಗ್ಳೇ” ಎಂದಳು. ಟವೆಲನ್ನು ಕೆಳಗಿಟ್ಟು ಹೊರಗೆ ಹೋಗಿ, ಬೆಂಚಿನ ಮೇಲೆ ಜಾಗವಿರಲಿಲ್ಲ, ಮೆಟ್ಟಿಲ ಮೇಲೆ ಕೂತೆ.

ಡಾಕ್ಟರು ಮತ್ತೊಮ್ಮೆ ಹಾಳೆ ತಂದರು. ವರ್ಷ ಸರಿಯಾಗಿ ಹೇಳಿದಳು. ಜಿಲ್ಲೆ ಈರೋಡು ಎಂದಳು. ಮುಖ್ಯಮಂತ್ರಿ ಯಾರೆಂದಾಗ ತನಗೆ ಬರುವ ತಮಿಳಿನಲ್ಲಿ ತಿರುಗಿ ಕೇಳಿದಳು: “ಯಾವ ಕಡೇದು ಸಾರ್, ನಿಮ್ದಾ, ಆ ಕಡೇದಾ?” ಪಕ್ಕದ ಹಾಸಿಗೆಯ ಮುದುಕಿ ಗೊರಕೆಯಂಥ ಸದ್ದು ಮಾಡಿ ನಕ್ಕರು. ಡಾಕ್ಟರು ಹಾಳೆಯ ಮೇಲೆ ಏನು ಬರೆದರೋ ನಾನು ನೋಡಲಿಲ್ಲ.

ಹನ್ನೆರಡನೆಯ ದಿನ ಮನೆಗೆ ಬಂದೆವು. ಅಪ್ಪ ಅನ್ನ ಮಾಡಿಟ್ಟಿದ್ದರು, ತಳ ಹಿಡಿದಿತ್ತು. ಸಂಜೆ ಒಲೆಯ ಮುಂದೆ ಕೂತು ಅವ್ವ ಕೇಳಿದಳು: “ಎಂಗಾಯ್ತು ಮಗ ಇದು? ನಿಮ್ಮಪ್ಪ ಗಾಳಿ ಸೋಕು ಅಂತದೆ.”

ಹೇಳಿದೆ. ಎರಡು ಮಾತ್ರೆಯ ವಿಷಯ, ಡಾಕ್ಟರು ಕೇಳಿದ್ದು, ನಾನು ಇಲ್ಲವೆಂದದ್ದು, ಆರನೆಯ ದಿನದವರೆಗೂ ನನ್ನ ಕೈಯಾರೆ ಕೊಟ್ಟದ್ದು, ಎಲ್ಲವನ್ನೂ. ಅವಳು ಕೊಳ್ಳಿಯನ್ನು ಸ್ವಲ್ಪ ಹಿಂದಕ್ಕೆಳೆದು ಕೇಳಿಸಿಕೊಂಡಳು.

“ನೀನಾದ್ರೂ ಬೇಕು ಅಂತ ಮಾಡಿದ್ಯಾ, ಬುಡು,” ಎಂದಳು. ಕೊಳ್ಳಿಯನ್ನು ಮತ್ತೆ ಒಳಗೆ ತಳ್ಳಿ, “ಚಾಮ್ರಾಜ್‌ನಗ್ರದ್ ಡಾಕ್ಟ್ರು ಒಳ್ಳೆಯೋರು ಕಣ. ನಮ್ಮಪ್ಪನ್ನೂ ಅವ್ರೇ ನೋಡ್ತಿದ್ದದ್ದು. ಅವ್ರ್ ತಾವ ಇದ್ನೆಲ್ಲ ಏಳಕ್ ಓಗ್ಬ್ಯಾಡ. ತಾಳವಾಡೀಲೂ ತೋರುಸ್ತಿದ್ವಿ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕತಾರೆ” ಎಂದಳು.

ನಾನು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದೆ. ಅವಳು ಒಪ್ಪಿದೆನೆಂದುಕೊಂಡು ಮಲಗಲು ಎದ್ದಳು.

ಮಾರನೆಯ ಬೆಳಿಗ್ಗೆ ಶಾಲೆಗೆಂದು ಹೊರಟು, ತಾಳವಾಡಿಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆ. ಡಾಕ್ಟರ ಮನೆಯ ಜಗುಲಿಯಲ್ಲಿ ನನಗಿಂತ ಮುಂಚೆ ಒಂಬತ್ತು ಜನರಿದ್ದರು. ನನ್ನ ಸರದಿ ಬಂದಾಗ ಒಳಗೆ ಹೋಗಿ, ಕೆಳಗಿನ ಆಸ್ಪತ್ರೆಯ ಚೀಟಿಯನ್ನೂ ತಾಳವಾಡಿಯ ಪುಸ್ತಕವನ್ನೂ ಅವರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ತೆರೆದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ ಮುಗಿಸುವವರೆಗೆ ಕೂರದೆ ನಿಂತಿದ್ದೆ.