ಎದುರಾಳಿಯ ಪಕ್ಕದಲ್ಲಿ

ವಾದದ ಮಧ್ಯೆ ಮಾತು ನಿಂತುಹೋದ ಮಿರಿಯಮ್‌ಗೆ ಎದುರು ತಂಡದ ನೋವಾ ಮುಂದಿನ ಅಂಶ ಹೇಳಿಕೊಟ್ಟಳು.

ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಓದುವ ನಾನು ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಶಾಲೆಯೊಂದರಲ್ಲಿ ವಾರಕ್ಕೊಮ್ಮೆ ಡಿಬೇಟ್ ಕಲಿಸುತ್ತೇನೆ. ಅಲ್ಲಿ ಇಬ್ಬರು ಒಂದೇ ಪುಸ್ತಕದ ಮುಂದೆ ಕೂತು, ವಾದಿಸುತ್ತಲೇ ಓದುವುದು ಹಳೆಯ ಪದ್ಧತಿ. ತರಗತಿಯಲ್ಲಿ ಬಾಯಿಯೇ ಬಿಡದ ಮಿರಿಯಮ್‌ಗೆ ಈ ಓದಿನಲ್ಲಿ ಅಲ್ಲಿನ ಟೀಚರ್ ನೋವಾಳನ್ನೇ ಜೋಡಿ ಮಾಡಿದ್ದರು. ಅಷ್ಟರಿಂದ ಧೈರ್ಯ ಬರುತ್ತದೆ ಎಂಬುದನ್ನು ನಾನು ನಂಬಿರಲಿಲ್ಲ.

“ಹೀಗಾದ್ರೆ ನೀನೇ ಸೋಲ್ತೀಯಲ್ಲ?” ಎಂದು ನೋವಾಳನ್ನು ಕೇಳಿದೆ.

“ಅವಳು ಸುಮ್ನಾದ್ರೆ ನಾನು ಯಾರ ಜೊತೆ ವಾದ ಮಾಡ್ಲಿ?”

ಅಷ್ಟರಲ್ಲಿ ಮಿರಿಯಮ್ ತಲೆಯೆತ್ತಿ, “ನೋವಾ ಹೇಳಿದ್ದು ತಪ್ಪು, ನನ್ನ ವಾದ ಅದಲ್ಲ,” ಎಂದು ಮಾತು ಮುಂದುವರಿಸಿದಳು.

ಎದುರಾಳಿ ತಡವರಿಸಿದರೆ ನಾವು ಗೆದ್ದಂತೆ ಎಂದೇ ನಾನು ಕಲಿತದ್ದು. ಆ ದಿನ ಯಾರಿಗೆ ಗೆಲುವು ಕೊಡಬೇಕಿತ್ತೆಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.